ಅಪ್ಪನ ಜೇನು, ನನ್ನ ಜೇನು

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಮೂವತ್ತು ವರ್ಷ ಯಂತ್ರಗಳ ಡ್ರಾಯಿಂಗು ನೋಡುತ್ತ ಕಳೆದ ಎಂಜಿನಿಯರು. ಅಧ್ಯಕ್ಷರು ಫೋನು ಮಾಡಿ, "ನಿಮ್ಮ ಮೇಕೆ, ಕೋಳಿ, ಜೇನಿನ ವಿಷಯ ನಾಲ್ಕು ಮಾತಾಡಿ" ಅಂದರು. "ಅವನ್ನೇ ಕರೆದುಕೊಂಡು ಬರುತ್ತೇನೆ, ನನಗಿಂತ ಚೆನ್ನಾಗಿ ಮಾತಾಡುತ್ತವೆ" ಅಂದೆ. ಸಭಾಂಗಣದ ನಿಯಮ ಅದಕ್ಕೆ ಒಪ್ಪುವುದಿಲ್ಲವಂತೆ. ಆದ್ದರಿಂದ ನಾನೇ ಬಂದಿದ್ದೇನೆ.

ನನ್ನ ಊರು ಶಿರಸಿ ತಾಲೂಕಿನ ಒಂದು ಹಳ್ಳಿ. ನಾಲ್ಕೆಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಐದಾರು ದನ, ಹಿತ್ತಿಲಿನಲ್ಲಿ ಅಪ್ಪನ ಏಳೆಂಟು ಜೇನುಪೆಟ್ಟಿಗೆ. ಅವು ತುಡುವೆ ಜೇನು, ನಮ್ಮ ಕಾಡಿನದೇ ಜಾತಿ. ಪೆಟ್ಟಿಗೆಯೂ ಚಿಕ್ಕದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಟನ್ ಎಂಬ ಪಾದ್ರಿ ತಿರುಚಿನಾಪಳ್ಳಿಯ ಕಡೆ ನಮ್ಮ ಜೇನಿನ ಅಳತೆಗೆ ಮಾಡಿದ ಪೆಟ್ಟಿಗೆ ಅದು. ಅಪ್ಪ ಅದಕ್ಕೆ ಮುಸುಕು, ಕೈಗವಸು ಏನೂ ಇಲ್ಲದೆ ಪಂಚೆ ಉಟ್ಟುಕೊಂಡೇ ಕೈ ಹಾಕುತ್ತಿದ್ದರು. ನಾನು ಹತ್ತು ಮಾರು ದೂರ ನಿಂತು ನೋಡುತ್ತಿದ್ದೆ. ಅಷ್ಟಕ್ಕೇ ಜೇನಿನ ವಿದ್ಯೆ ನನಗೆ ಬಂತು ಎಂದು ತಿಳಿದುಕೊಂಡಿದ್ದೆ. ಇವತ್ತಿನ ನನ್ನ ಮಾತಿಗೆ ಮೂಲ ಆ ತಪ್ಪು ತಿಳಿವಳಿಕೆಯೇ.

1988ರಲ್ಲಿ ಒಹಾಯೊಗೆ ಬಂದೆ. ಹದಿನೇಳು ವರ್ಷ ಅಪಾರ್ಟ್‌ಮೆಂಟು, ಆಮೇಲೆ ಕಾಲೊನಿ ಮನೆ. 2005ರಲ್ಲಿ ಡೇಟನ್ ಊರಿನಿಂದ ಅರ್ಧ ಗಂಟೆಯ ದೂರದಲ್ಲಿ ಐದೆಕರೆ ಜಾಗ, ಒಂದು ಹಳೆಯ ಮನೆ, ವಾಲಿದ ಒಂದು ಬಾರ್ನ್ ಕೊಂಡೆವು. ಗೆಳೆಯರು "ಊರಲ್ಲಿ ಸಗಣಿ ಬಾಚುವುದು ತಪ್ಪಲಿ ಅಂತ ಅಮೆರಿಕಕ್ಕೆ ಬಂದು, ಇಲ್ಲಿ ದುಡ್ಡು ಕೊಟ್ಟು ಸಗಣಿ ಬಾಚುತ್ತೀರಾ?" ಎಂದು ನಕ್ಕರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಮೊದಲು ಬಂದದ್ದು ಕೋಳಿ. ಮಗ 4-ಎಚ್ ಕ್ಲಬ್ಬು ಸೇರಿದ್ದ. ಹಳ್ಳಿಯ ಮಕ್ಕಳ ಈ ಸಂಘಟನೆ 1902ರಲ್ಲಿ ನಮ್ಮ ಪಕ್ಕದ ಕ್ಲಾರ್ಕ್ ಕೌಂಟಿಯಲ್ಲೇ ಹುಟ್ಟಿದ್ದು. ಅವನಿಗೊಂದು ಪ್ರಾಜೆಕ್ಟು ಬೇಕಿತ್ತು. ಮೊಟ್ಟೆ ತಿನ್ನದ ಮನೆಯಲ್ಲಿ ಹನ್ನೆರಡು ಕೋಳಿ! ನಮ್ಮ ಅಮ್ಮ ಇಲ್ಲಿಗೆ ಬಂದಿದ್ದಾಗ ಆರು ತಿಂಗಳು ಗೂಡಿನ ಕಡೆ ತಿರುಗಿ ನೋಡಲಿಲ್ಲ. ಹೊರಡುವ ಹೊತ್ತಿಗೆ ಮಾತ್ರ ಪ್ರತಿಯೊಂದಕ್ಕೂ ಒಂದೊಂದು ಹೆಸರು ಇಟ್ಟಿದ್ದರು. ಮೊಟ್ಟೆಯನ್ನು ಪಕ್ಕದ ಮನೆಯ ಮುದುಕನಿಗೆ ಕೊಡುತ್ತೇವೆ, ಅವನು ಚಳಿಗಾಲಕ್ಕೆ ಒಣಹುಲ್ಲು ಕೊಡುತ್ತಾನೆ. ಆಮೇಲೆ ಮೂರು ಮೇಕೆ ಬಂದವು. 2007ರ ಏಪ್ರಿಲ್‌ನಲ್ಲಿ ಎರಡು ಪೆಟ್ಟಿಗೆ ಜೇನು.

ಇನ್ನು ನಮ್ಮ ವರ್ಷ ಹೇಗೆ ಸಾಗುತ್ತದೆ ಎಂದು ಹೇಳುತ್ತೇನೆ. ಯುಗಾದಿಯಿಂದಲೇ ಪ್ರಾರಂಭಿಸೋಣ.

ಯುಗಾದಿಯ ಹೊತ್ತಿಗೆ ಇಲ್ಲಿ ಮಾವಿನ ಚಿಗುರಿಲ್ಲ, ಕೆಸರಿದೆ. ಮೇಪಲ್, ವಿಲೋ ಮರಗಳು ಮೊದಲು ಹೂ ಬಿಡುತ್ತವೆ, ಜೇನುಗಳು ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬರುತ್ತವೆ. ಆ ಉಂಡೆ ಕಂಡರೆ ಒಳಗೆ ರಾಣಿ ಮೊಟ್ಟೆ ಇಡುತ್ತಿದ್ದಾಳೆ ಎಂದು ಬಹುಮಟ್ಟಿಗೆ ಧೈರ್ಯ. ಮೇಕೆಗಳು ಮರಿ ಹಾಕುವುದೂ ಆಗಲೇ. ಹಗಲು ಕಡಿಮೆಯಾಗುವ ಶರತ್ಕಾಲದಲ್ಲಿ ಅವು ಬೆದೆಗೆ ಬರುತ್ತವೆ, ಸುಮಾರು ನೂರೈವತ್ತು ದಿನಕ್ಕೆ ಮರಿ. ಅದೂ ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಗೆ, ಹೊರಗೆ ಹಿಮ ಬೀಳುತ್ತಿರುವಾಗಲೇ! ಮರಿಯನ್ನು ಟವೆಲ್ಲಿನಿಂದ ಒರೆಸಿ, ಮೈ ಬೆಚ್ಚಗಾಗಿಸಿ, ಗಿಣ್ಣುಹಾಲಿಗೆ ಬಾಯಿ ಹಚ್ಚಿಸಬೇಕು. ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಊರ ಕೊಟ್ಟಿಗೆಯಲ್ಲಿ ಲಾಟೀನು ಹಿಡಿದು ನಿಂತು ಕಲಿತದ್ದು ಇಲ್ಲಿ ಹಾಗೇ ನಡೆಯಿತು. ಮರಿ ಕುಡಿದು ಮಿಕ್ಕದ್ದರಲ್ಲಿ ನನ್ನ ಹೆಂಡತಿ ಗಿಣ್ಣು ಮಾಡುತ್ತಾಳೆ. ಮೇಕೆಯ ಹಾಲಿನದು ಎಂದು ಹೇಳದಿದ್ದರೆ ಎಲ್ಲರೂ ಎರಡು ಸಲ ಬಡಿಸಿಕೊಳ್ಳುತ್ತಾರೆ. ನಿಮ್ಮಲ್ಲೂ ಕೆಲವರು ತಿಂದಿದ್ದೀರಿ, ಹೆಸರು ಹೇಳುವುದಿಲ್ಲ.

ಮೇ ತಿಂಗಳಲ್ಲಿ ಬ್ಲ್ಯಾಕ್ ಲೋಕಸ್ಟ್ ಮರಗಳು ಬಿಳಿ ಗೊಂಚಲು ಬಿಡುತ್ತವೆ. ಮಳೆ ಬಂದು ಹೂ ಉದುರದಿದ್ದರೆ ನೀರಿನಷ್ಟು ತಿಳಿಯಾದ ಜೇನು. ಜೂನ್‌ನಲ್ಲಿ ಬಿಳಿ ಕ್ಲೋವರ್. ಜನ ಹುಲ್ಲುಹಾಸಿನಲ್ಲಿ ಕಳೆ ಎಂದು ಮದ್ದು ಹೊಡೆದು ಕೊಲ್ಲುವ ಗಿಡವೇ ನಮ್ಮ ದೊಡ್ಡ ಫಸಲು. ಜುಲೈ ಹೊತ್ತಿಗೆ ಜೇನು ತೆಗೆಯುತ್ತೇವೆ. ಇಲ್ಲಿಯ ಪೆಟ್ಟಿಗೆಯ ಕಥೆಗೂ ನಮ್ಮ ಜಿಲ್ಲೆಗೂ ನಂಟಿದೆ. ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ ಒಂದು ಸಂಗತಿಯ ಉಪಯೋಗ ಕಂಡುಕೊಂಡ. ಇಂಚಿನ ಎಂಟರಲ್ಲಿ ಮೂರು ಭಾಗದಷ್ಟು ಜಾಗ ಬಿಟ್ಟರೆ ಜೇನು ಅದನ್ನು ಮೇಣದಿಂದ ತುಂಬುವುದಿಲ್ಲ, ಓಡಾಡುವ ಓಣಿಯಾಗಿ ಉಳಿಸಿಕೊಳ್ಳುತ್ತದೆ. ಆ ಓಣಿ ಬಿಟ್ಟು ಚೌಕಟ್ಟು ಜೋಡಿಸಿದ್ದರಿಂದಲೇ ಗೂಡು ಒಡೆಯದೆ ಎರಿ ಎತ್ತಿ ನೋಡುವುದು ಸಾಧ್ಯವಾಯಿತು. ಆತ ಒಹಾಯೊದಲ್ಲೇ ಮುಪ್ಪು ಕಳೆದು 1895ರಲ್ಲಿ ಡೇಟನ್ನಿನಲ್ಲಿ ತೀರಿಕೊಂಡ. ರೈಟ್ ಸಹೋದರರು ಮಲಗಿರುವ ಸ್ಮಶಾನದಲ್ಲೇ ಅವನ ಸಮಾಧಿಯೂ ಇದೆ. ಊರಿಂದ ಬಂದ ನೆಂಟರಿಗೆ ನಾನು ಎರಡನ್ನೂ ತೋರಿಸುತ್ತೇನೆ. ಅವರು ವಿಮಾನದವರ ಮುಂದೆ ಮಾತ್ರ ಫೋಟೊ ತೆಗೆಸಿಕೊಳ್ಳುತ್ತಾರೆ.

ಸೆಪ್ಟೆಂಬರ್‌ನಲ್ಲಿ ಬೇಲಿಯುದ್ದಕ್ಕೂ ಗೋಲ್ಡನ್‌ರಾಡ್ ಹಳದಿ ಹೂ. ಆ ಜೇನು ಪಕ್ವವಾಗುವಾಗ ಗೂಡಿನ ಸುತ್ತ ಹಳೆಯ ಕಾಲುಚೀಲದ ವಾಸನೆ. ಇದು ಜೇನಿನ ಪಾಲು, ನಾವು ಮುಟ್ಟುವುದಿಲ್ಲ. ಇಲ್ಲಿಯ ಚಳಿಗಾಲ ದಾಟಲು ಒಂದು ಗೂಡಿಗೆ ಸುಮಾರು 60 ಪೌಂಡು ಜೇನು ಬೇಕು. ಗಂಡು ಜೇನುಗಳನ್ನು ಕೆಲಸಗಾರ ಜೇನುಗಳು ಬಾಗಿಲಿನಿಂದ ಹೊರಗೆ ಎಳೆದು ಹಾಕುತ್ತವೆ. ಚಳಿಗಾಲಕ್ಕೆ ಕೂತು ಉಣ್ಣುವವರು ಬೇಡ. ನನ್ನ ಹೆಂಡತಿ ಇದನ್ನು ನನಗೆ ಪ್ರತಿ ವರ್ಷ ತೋರಿಸುತ್ತಾಳೆ. ಕೋಳಿಗಳು ಗರಿ ಉದುರಿಸಿಕೊಂಡು ಮೊಟ್ಟೆ ನಿಲ್ಲಿಸುತ್ತವೆ. ಅವಕ್ಕೆ ದಿನಕ್ಕೆ ಹದಿನಾಲ್ಕು ಗಂಟೆಯಷ್ಟು ಬೆಳಕು ಬೇಕು, ಡಿಸೆಂಬರ್‌ನಲ್ಲಿ ನಮಗೆ ಸಿಗುವುದು ಒಂಬತ್ತೂವರೆ ಗಂಟೆಗೂ ಕಡಿಮೆ. ನಾವು ದೀಪ ಹಾಕುವುದಿಲ್ಲ. ಅವೂ ಸ್ವಲ್ಪ ಸುಧಾರಿಸಿಕೊಳ್ಳಲಿ.

ಈ ದಾಸ್ತಾನಿನ ಗಡಿಬಿಡಿ ನೋಡುವಾಗ ನನಗೆ ಊರಿನ ಮೇ ತಿಂಗಳು ನೆನಪಾಗುತ್ತದೆ. ಅಲ್ಲಿ ಕಷ್ಟದ ಕಾಲ ಮಳೆಗಾಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣ ಕಟ್ಟಿಗೆ, ಕೊಟ್ಟಿಗೆಗೆ ಹಾಸಲು ದರಕು ಎಲ್ಲ ಮಳೆಗೆ ಮುಂಚೆ ಒಳಗೆ ಸೇರಬೇಕು. ತುಡುವೆಗೂ ಹಾಗೆಯೇ. ಜೂನ್‌ನಿಂದ ಹೂವಿಲ್ಲ, ಹಾರಲು ಬಿಡುವಿಲ್ಲ. ಅಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಸಕ್ಕರೆ ಪಾಕ ಇಟ್ಟು ಬರುತ್ತಿದ್ದರು. ಅಲ್ಲಿ ಮಳೆ, ಇಲ್ಲಿ ಹಿಮ, ಲೆಕ್ಕ ಒಂದೇ ಎಂದು ನಾನು ಭಾವಿಸಿದೆ.

2008ರ ಆಗಸ್ಟ್‌ನಲ್ಲಿ ಪಕ್ಕದ ಮನೆಯ ಮುದುಕ ಬೇಲಿಯ ಹತ್ತಿರ ನಿಂತು, "ನುಸಿ ಎಣಿಸಿದೆಯಾ?" ಎಂದು ಕೇಳಿದ. ಐವತ್ತು ವರ್ಷ ಜೇನು ಸಾಕಿದವನು. ಅವನು ಕೇಳಿದ್ದು ವರೋವಾ ಎಂಬ ನುಸಿಯ ವಿಷಯ. ಸಾಸಿವೆಗಿಂತ ಸಣ್ಣದು, ಕೆಂಪು ಕಂದು ಬಣ್ಣ. ನಾನು ಎದೆ ಸೆಟೆಸಿ, "ನಮ್ಮಪ್ಪ ನಲವತ್ತು ವರ್ಷ ಜೇನು ಸಾಕಿದರು, ಒಂದು ದಿನವೂ ಪೆಟ್ಟಿಗೆಗೆ ಔಷಧಿ ಹಾಕಲಿಲ್ಲ" ಅಂದೆ. ಮುದುಕ ಏನೂ ಹೇಳಲಿಲ್ಲ. ಟೋಪಿ ಸರಿ ಮಾಡಿಕೊಂಡು ಹೋದ.

ಚಳಿಗಾಲದಲ್ಲಿ ಜೇನು ನಿದ್ರೆ ಮಾಡುವುದಿಲ್ಲ. ರಾಣಿಯನ್ನು ನಡುವೆ ಇಟ್ಟುಕೊಂಡು ಚೆಂಡಿನಂತೆ ಒತ್ತಾಗಿ ಕೂತು, ರೆಕ್ಕೆಯ ಸ್ನಾಯು ನಡುಗಿಸಿ ಶಾಖ ಹುಟ್ಟಿಸುತ್ತವೆ. ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ಮರಿಯಿರುವ ನಡುಭಾಗ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್. ಪೆಟ್ಟಿಗೆಗೆ ಕಿವಿ ಹಚ್ಚಿದರೆ ದೂರದ ತಂಬೂರಿಯಂಥ ಸದ್ದು. ಮಗ ಶಾಲೆಗೆ ಹೋಗುವ ಮುಂಚೆ ದಿನಾ ಹೋಗಿ ಕೇಳಿ ಬರುತ್ತಿದ್ದ. 2009ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಂದು, "ಅಪ್ಪಾ, ಕೇಳಿಸ್ತಾ ಇಲ್ಲ" ಅಂದ.

ಬಿಸಿಲು ಬಂದ ದಿನ ತೆರೆದು ನೋಡಿದೆವು. ಎರಡೂ ಪೆಟ್ಟಿಗೆಯಲ್ಲಿ ಒಂದೊಂದು ಹಿಡಿ ಸತ್ತ ಜೇನು. ನಡುವೆ ರಾಣಿ. ಮೇಲಿನ ಚೌಕಟ್ಟುಗಳ ತುಂಬ ಮುಟ್ಟದ ಜೇನುತುಪ್ಪ. "ಹಸಿವಿನಿಂದ ಸತ್ತವಾ?" ಎಂದು ಮಗ ಕೇಳಿದ. ಅಲ್ಲ, ಅನ್ನ ತಲೆಯ ಮೇಲೇ ಇತ್ತು. ಅವನಿಗೆ ಹನ್ನೆರಡು ವರ್ಷ. ಅವನು ಅಳಲಿಲ್ಲ. "ಅಜ್ಜ ಆ ಅಂಕಲ್ ಹೇಳಿದಂತೆ ಎಣಿಸುತ್ತಿದ್ದನಾ?" ಎಂದು ಮಾತ್ರ ಕೇಳಿದ.

ಆ ರಾತ್ರಿ ಊರಿಗೆ ಫೋನು ಮಾಡಿದೆ. ಅಪ್ಪ ಎಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ಬರೆದಿದ್ದೆನಲ್ಲ" ಅಂದರು. ಆಗ ನೆನಪಾಯಿತು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ಹಬ್ಬಿತ್ತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲೇ ಸಾಯುತ್ತವೆ. ಕೊಡಗು, ಮಲೆನಾಡು, ಕರಾವಳಿಯಲ್ಲಿ ಗೂಡುಗಳು ಸಾಲುಸಾಲಾಗಿ ಖಾಲಿಯಾದವು. ಅಪ್ಪ ಅಂಚೆಯಲ್ಲಿ, ಅಡಿಕೆಯ ಧಾರಣೆ, ಅಮ್ಮನ ಮಂಡಿನೋವುಗಳ ನಡುವೆ, "ಜೇನೆಲ್ಲ ಹೋಯಿತು, ಎಂಟೂ ಪೆಟ್ಟಿಗೆ ಖಾಲಿ" ಎಂದು ಬರೆದಿದ್ದರು. ನಾನಾಗ ಹೊಸ ಕೆಲಸದಲ್ಲಿದ್ದೆ. ಉತ್ತರದಲ್ಲಿ ಅಡಿಕೆಯ ಬಗ್ಗೆ ಬರೆದೆ, ಮಂಡಿನೋವಿಗೆ ಮಾತ್ರೆ ಕಳಿಸಿದೆ. ಜೇನಿನ ಮಾತು ಎತ್ತಲೇ ಇಲ್ಲ. ಹದಿನೇಳು ವರ್ಷದ ಮೇಲೆ, ನನ್ನ ಎರಡು ಪೆಟ್ಟಿಗೆ ಸತ್ತಾಗ, ಅವರ ಎಂಟು ಪೆಟ್ಟಿಗೆಯ ಲೆಕ್ಕ ನನಗೆ ಅರ್ಥವಾಯಿತು.

ಅಪ್ಪ ಬೈಯಲಿಲ್ಲ. "ಪೆಟ್ಟಿಗೆ ಹಾಗೇ ಇಟ್ಟಿದ್ದೆ, ಕೆಲವು ವರ್ಷದ ಮೇಲೆ ಕಾಡಿನಿಂದ ಒಂದು ಹಿಂಡು ತಾನಾಗಿ ಬಂದು ಕೂತಿತು" ಅಂದರು. ಆಮೇಲೆ ಹೇಳಿದರು: "ನನ್ನ ಜೇನು ಬೇರೆ, ನಿನ್ನ ಜೇನು ಬೇರೆ. ನನ್ನ ಹೆಸರು ಹೇಳಬೇಡ. ಅಲ್ಲಿಯವರನ್ನು ಕೇಳು."

ಮರುದಿನ ಮುದುಕನ ಬಾಗಿಲು ತಟ್ಟಿದೆ. ಕಲಿತದ್ದು ಇಷ್ಟು. ವರೋವಾ ನುಸಿ ಮೂಲದಲ್ಲಿ ನಮ್ಮ ಏಷ್ಯದ ತುಡುವೆಯ ಮೇಲೇ ಬದುಕುತ್ತಿದ್ದದ್ದು. ಎರಡೂ ಬಹು ಕಾಲದ ನೆರೆಹೊರೆ. ತುಡುವೆಯಲ್ಲಿ ನುಸಿ ಬಹುಮಟ್ಟಿಗೆ ಗಂಡು ಮರಿಗಳ ಕೋಣೆಯಲ್ಲಿ ಮಾತ್ರ ಸಂತಾನ ಬೆಳೆಸುತ್ತದೆ. ಕೆಲಸಗಾರ ಜೇನುಗಳು ಒಂದರ ಮೈಯಿಂದ ಇನ್ನೊಂದು ನುಸಿ ಹೆಕ್ಕಿ ತೆಗೆಯುತ್ತವೆ. ಅಪ್ಪ ಔಷಧಿ ಹಾಕಲಿಲ್ಲ, ನಿಜ. ಜೇನೇ ಆ ಕೆಲಸ ಮಾಡುತ್ತಿತ್ತು. ಯುರೋಪಿನ ಜೇನನ್ನು ಮನುಷ್ಯ ಏಷ್ಯಕ್ಕೆ ಒಯ್ದು ಪಕ್ಕದಲ್ಲಿಟ್ಟಾಗ ನುಸಿ ಅದಕ್ಕೆ ದಾಟಿತು. ಅಮೆರಿಕದಲ್ಲಿ ಅದು ಪತ್ತೆಯಾದದ್ದು 1987ರಲ್ಲಿ, ನಾನು ಬರುವ ಹಿಂದಿನ ವರ್ಷ. ಈ ದೇಶದ ಸಾಕು ಜೇನೂ ವಲಸೆಯದೇ, 1622ರಲ್ಲಿ ಹಡಗಿನಲ್ಲಿ ವರ್ಜೀನಿಯಕ್ಕೆ ಬಂದದ್ದು. ಅದಕ್ಕೆ ಈ ಹೊಸ ನೆಂಟನನ್ನು ನಿಭಾಯಿಸುವುದು ಗೊತ್ತಿಲ್ಲ. ಕೆಲಸಗಾರ ಮರಿಗಳ ಕೋಣೆಯಲ್ಲೂ ನುಸಿ ಹೆಚ್ಚುತ್ತದೆ. ಬೇಸಿಗೆಯ ಜೇನು ಆರು ವಾರ ಬದುಕಿದರೆ, ಶರತ್ಕಾಲದಲ್ಲಿ ಹುಟ್ಟಿದ್ದು ಕೊಬ್ಬು ಕೂಡಿಟ್ಟುಕೊಂಡು ವಸಂತದವರೆಗೆ ಬದುಕಬೇಕು. ನುಸಿ ತಿನ್ನುವುದು ಆ ಕೊಬ್ಬಿನ ಅಂಗವನ್ನೇ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದ್ದರಿಂದ ಮುದುಕ ಆಗಸ್ಟ್‌ನಲ್ಲಿ ಕೇಳಿದ್ದು. ಡಿಸೆಂಬರ್‌ನಲ್ಲಿ ಕೇಳಿ ಪ್ರಯೋಜನವಿಲ್ಲ.

ಈಗ ಪ್ರತಿ ಆಗಸ್ಟ್ ಅರ್ಧ ಕಪ್ಪು ಜೇನನ್ನು, ಅಂದರೆ ಸುಮಾರು ಮುನ್ನೂರು, ಸಕ್ಕರೆ ಪುಡಿಯ ಜೊತೆ ಡಬ್ಬಿಯಲ್ಲಿ ಉರುಳಿಸಿ, ಜಾಲರಿಯಿಂದ ಉದುರಿದ ನುಸಿ ಎಣಿಸುತ್ತೇವೆ. ಒಂಬತ್ತಕ್ಕೆ ಮುಟ್ಟಿದರೆ ಚಿಕಿತ್ಸೆ. ಸಕ್ಕರೆ ಮೆತ್ತಿದ ಜೇನು ಸಾಯುವುದಿಲ್ಲ. ಬಿಳಿ ದೆವ್ವಗಳಂತೆ ಮನೆಗೆ ಹೋಗುತ್ತವೆ, ಉಳಿದವು ನೆಕ್ಕಿ ಸ್ವಾಗತಿಸುತ್ತವೆ. ಹೀಗೆ ಮಾಡಿದರೂ ಕೆಲವು ಚಳಿಗಾಲ ಗೂಡು ಹೋಗಿದೆ. ಆದರೆ ಎಣಿಸದೆ ಹೋಗಿಲ್ಲ.

2016ರ ಜನವರಿಯಲ್ಲಿ ಅಪ್ಪ ತೀರಿಕೊಂಡರು. ರಾತ್ರೋರಾತ್ರಿ ಹೊರಟೆವು. ಮೇಕೆ, ಕೋಳಿಗೆ ನೀರು ಹೆಪ್ಪುಗಟ್ಟದಂತೆ ಮೂರು ವಾರ ನೋಡಿಕೊಂಡವನು ಆ ಮುದುಕನೇ. ಮರಳಿ ಬಂದಾಗ ಪೆಟ್ಟಿಗೆಗಳಿಗೆ ಒಂದೊಂದು ಕಪ್ಪು ಬಟ್ಟೆಯ ಚೂರು ಕಟ್ಟಿತ್ತು. ಕೇಳಿದರೆ, "ಮನೆಯಲ್ಲಿ ಸಾವಾದರೆ ಜೇನಿಗೆ ಹೇಳಬೇಕು. ನೀನಿರಲಿಲ್ಲ, ನಾನು ಹೇಳಿದೆ" ಅಂದ. ಇದು ಇಂಗ್ಲೆಂಡಿನ ಕಡೆಯ ಹಳೆಯ ಪದ್ಧತಿ. 2022ರಲ್ಲಿ ಎಲಿಜಬೆತ್ ರಾಣಿ ತೀರಿಕೊಂಡಾಗ ಅರಮನೆಯ ಜೇನುಗಳಿಗೂ ಹೀಗೆ ಸುದ್ದಿ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಏಳೆಂಟು ವರ್ಷ ಹಿಂದೆ ನಾನು ಎದೆ ಸೆಟೆಸಿ ಯಾರ ಹೆಸರು ಹೇಳಿದ್ದೆನೋ, ಅವರ ಸುದ್ದಿಯನ್ನು ಆತ ನನ್ನ ಜೇನಿಗೆ ಹೇಳಿದ್ದ.

ನಮ್ಮ ಸಂಘದ ಹುಟ್ಟುಹಬ್ಬದ ದಿನ ಇದನ್ನೆಲ್ಲ ಏಕೆ ಹೇಳಿದೆ? ಊರಿನಿಂದ ತಂದದ್ದರಲ್ಲಿ ಮೇಕೆಮರಿ ಒರೆಸುವುದು ಇಲ್ಲಿಗೆ ಹೊಂದಿತು, ಜೇನಿನದು ಹೊಂದಲಿಲ್ಲ. ಯಾವುದು ಯಾವುದೆಂದು ಮೊದಲೇ ತಿಳಿಯುವುದಿಲ್ಲ. ಕೇಳಬೇಕು, ಎಣಿಸಬೇಕು. ಇನ್ನೊಂದು ಮಾತು, ಇದು ವಿಶೇಷವಾಗಿ ಊರಲ್ಲಿ ಹಿರಿಯರಿರುವ ಕಿರಿಯರಿಗೆ. ಅಲ್ಲಿಂದ ಫೋನಿನಲ್ಲಿ "ಹಸು ಸತ್ತಿತು", "ಬಾವಿ ಬತ್ತಿತು" ಎಂದು ನಡುವೆ ಒಂದು ಮಾತು ಬಂದರೆ ದಾಟಿ ಹೋಗಬೇಡಿ. ಎಷ್ಟಿದ್ದವು, ಹೇಗಾಯಿತು ಎಂದು ಕೇಳಿ. ನನಗೆ ಕೇಳಲು ಹದಿನೇಳು ವರ್ಷ ಹಿಡಿಯಿತು.

ಹೊರಗೆ ಮೇಜಿನ ಮೇಲೆ ಈ ವರ್ಷದ ಕ್ಲೋವರ್ ಜೇನಿನ ಬಾಟಲಿಗಳಿವೆ, ಮನೆಗೊಂದರಂತೆ ತೆಗೆದುಕೊಂಡು ಹೋಗಿ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಕೊಡಬೇಡಿ. ಖಾಲಿ ಬಾಟಲಿ ವಾಪಸು ಕೊಟ್ಟರೆ ಸಂತೋಷ.

 ಮಕ್ಕಳೆ, ಊಟಕ್ಕೆ ನಡೆಯಿರಿ.