ಹೆಸರಿಲ್ಲದ ಅಜ್ಜಿಯರು

(ಕೊಟ್ಟಿಗೆಹಾರದ ಶರಣ ಸಂಗಮದಲ್ಲಿ ಆಡಿದ ಮಾತುಗಳು)



ವಂಶವೃಕ್ಷ ಬರೆಯುವ ಆ್ಯಪ್‌ಗಳು ಈಗ ಮೊಬೈಲಿಗೇ ಬಂದಿವೆ. ಕುಲ ಕೇಳಬೇಡಿ ಎಂದ ಶರಣರ ಮಕ್ಕಳಿಗೆ ಇದೇಕೆ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಒಳಪಂಗಡ ಹುಡುಕಿ ಮೀಸೆ ತಿರುವುವುದಕ್ಕಾದರೆ ಖಂಡಿತ ಬೇಡ. ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯನವರ ಪರಂಪರೆ ನಮ್ಮದು. ಬೇರು ಅಗೆದರೆ ಸಿಗುವುದು ಕಾಯಕ.

ನಾನು ಹೇಳಹೊರಟಿದ್ದು ಬೇರೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಜರಿದದ್ದನ್ನು ನೀವೆಲ್ಲ ಕಂಡವರು. ಅದೇ ಮಳೆಯಲ್ಲಿ ನಮ್ಮ ದೊಡ್ಡಮ್ಮನ ಮನೆಯೂ ಹೋಯಿತು. ಗೋಡೆ, ಹಂಚು, ಕಾಫಿ ಗಿಡಗಳನ್ನು ಲೆಕ್ಕ ಹಾಕಿದೆವು. ಟ್ರಂಕಿನಲ್ಲಿದ್ದ ಫೋಟೊಗಳನ್ನು ಯಾವ ಲೆಕ್ಕಕ್ಕೆ ಬರೆಯುವುದು? ದೊಡ್ಡಮ್ಮ ಮಾತು ಕಡಿಮೆ ಮಾಡಿದರು. "ನಮ್ಮವ್ವನ ಮುಖವೇ ಮರೆತು ಹೋಗ್ತಿದೆ ಕಣೋ" ಎಂದರು ಒಂದು ದಿನ.

ಅವರ ಮೊಮ್ಮಗಳು ನೆಂಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿಕೊಂಡಳು: ಹಳೆಯ ಮದುವೆ ಫೋಟೊ ಇದ್ದರೆ ಹಗಲು ಬೆಳಕಿನಲ್ಲಿ ಮೊಬೈಲಿನಿಂದ ತೆಗೆದು ಕಳಿಸಿ. ತರೀಕೆರೆಯಿಂದ ಬಂದ ಒಂದರಲ್ಲಿ, ಬಾಗಿಲ ಮರೆಯಲ್ಲಿ ಅರ್ಧ ಮುಖ. ಹಿಗ್ಗಿಸಿ ತೋರಿಸಿದಳು. ದೊಡ್ಡಮ್ಮ ಅತ್ತರು, ಆಮೇಲೆ ನಿಲ್ಲಿಸದೆ ಮಾತಾಡಿದರು. ಅವ್ವ ಮಾಡುತ್ತಿದ್ದ ಕಡುಬು, ಬಾಣಂತನ, ಬದುಕದ ಒಂದು ಕೂಸು. ಹುಡುಗಿ ಅವರನ್ನು ಕೇಳಿಯೇ ರೆಕಾರ್ಡ್ ಮಾಡಿಕೊಂಡಳು. ಬಹಳ ದಿನದ ಮೇಲೆ ಅವತ್ತು ಅವರಿಗೆ ನಿದ್ದೆ ಬಂತು.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಷ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ತಮ್ಮ ಮನೆತನದ ಬಗ್ಗೆ 20 ಪ್ರಶ್ನೆ ಕೇಳಿದ್ದರು. ಹೆಚ್ಚು ತಿಳಿದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು, ಆತಂಕ ಕಡಿಮೆ ಕಂಡಿತು. ಉತ್ತರ ಬಾಯಿಪಾಠ ಮಾಡಿಸಿದರೆ ಫಲವಿಲ್ಲ, ಮನೆಯಲ್ಲಿ ಕೂತು ಕಥೆ ಹೇಳಿ ಕೇಳುವುದರಲ್ಲೇ ಗುಣ ಎಂದೂ ಅವರೇ ಎಚ್ಚರಿಸಿದರು. ಎತ್ತಿನ ಮೇಲೆ ಬಂದು ಮನೆತನದ ಹೆಸರು ಹೇಳುತ್ತಿದ್ದ ಬಡಗಣ ಸೀಮೆಯ ಹೆಳವರಿಗೆ ಇದು ಹೊಸದೇನಲ್ಲ ಬಿಡಿ.

ಪಹಣಿಯೂ ಈಗ ಭೂಮಿ ತಂತ್ರಾಂಶದಲ್ಲಿದೆ. ಹುಡುಕಿದರೆ ಅಜ್ಜಂದಿರು ಸಿಕ್ಕಾರು, ಅಜ್ಜಿಯರು ಸಿಗುವುದು ಅಪರೂಪ. ತಾಯಿಯ ಕಡೆಯ ಮುತ್ತಜ್ಜಿಯ ಹೆಸರು ಬಲ್ಲವರು ಕೈ ಎತ್ತಿ ನೋಡೋಣ... ಮೂರು, ನಾಲ್ಕು. ಶರಣೆಯರ ವಚನಗಳನ್ನು ಅವರವರ ಅಂಕಿತದೊಂದಿಗೆ ಉಳಿಸಿಕೊಂಡ ಸಮಾಜ ನಮ್ಮದು!

ಹೇಳಲು ಮನಸ್ಸಿಲ್ಲದವರನ್ನು ಕೆದಕಬೇಡಿ. ಹೇಳಿದ್ದನ್ನೆಲ್ಲ ಗುಂಪಿಗೆ ಹಾಕಬೇಡಿ. ಪ್ರಸಾದದ ನಂತರ ನಮ್ಮ ಹುಡುಗ ಹುಡುಗಿಯರು ಹಿಂದಿನ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ಎಂಬತ್ತು ದಾಟಿದ ತಾಯಂದಿರು ಮೊದಲು ಬನ್ನಿ.