ಗಿಡುಗನ ಯುದ್ಧ: ತಾಳಗುಂದದ ಕಂಬ ಹೇಳುವ ಕಥೆ



ಕದಂಬ ವಂಶದ ಮೂಲಪುರುಷ ಮಯೂರಶರ್ಮ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಕಂಚಿಯ ಜಗಳ. ದೇವುಡು ಅವರ ಕಾದಂಬರಿ ಓದಿದವರಿಗೂ, 1975ರಲ್ಲಿ ರಾಜ್‌ಕುಮಾರ್ ಅಭಿನಯಿಸಿದ ‘ಮಯೂರ’ ನೋಡಿದವರಿಗೂ ಕಣ್ಣಿಗೆ ಕಟ್ಟುವುದು ಅವಮಾನದಿಂದ ಕುದಿಯುವ ಆ ತರುಣನೇ. ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಪೀಠಕ್ಕೆ, ಓದಲು ಹೋದವನು ಅಲ್ಲಿನ ಅರಸರಾದ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಸಿಟ್ಟು ಯಾರಿಗಾದರೂ ಬಂದೀತು. ಆದರೆ ಕಂಚಿಯಂಥ ದೊಡ್ಡ ರಾಜ್ಯದ ಸೇನೆಯೆದುರು ಒಬ್ಬ ವೈದಿಕ ವಿದ್ಯಾರ್ಥಿ ಉಳಿದುಕೊಂಡದ್ದು ಹೇಗೆ? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು. ಇದಕ್ಕೆ ಉತ್ತರ ನಮ್ಮ ತಾಳಗುಂದದಲ್ಲೇ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲಿದೆ.

ಆ ಕಂಬದ ಸಂಸ್ಕೃತ ಕಾವ್ಯವನ್ನು 5ನೇ ಶತಮಾನದಲ್ಲಿ, ಕದಂಬ ಅರಸ ಶಾಂತಿವರ್ಮನ ಆಜ್ಞೆಯಂತೆ ರಚಿಸಿದವನು ಕುಬ್ಜ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡ ಕವಿ ಅವನು. ಹೊಗಳಿಕೆ ಇದೆ, ಶ್ಲೇಷೆ ಇದೆ, ನಿಜ. ಆದರೂ ಯುದ್ಧದ ಕ್ರಮವನ್ನು ಅವನು ಹೇಳುವ ರೀತಿ ಅಚ್ಚುಕಟ್ಟಾಗಿದೆ.

ಮಯೂರಶರ್ಮ ಮೊದಲು ಹೊಡೆದದ್ದು ಪಲ್ಲವರ ಅಂತಪಾಲರನ್ನು, ಅಂದರೆ ಗಡಿ ಕಾಯುವವರನ್ನು. ರಾಜಧಾನಿಯ ತಂಟೆಗೆ ಹೋಗಲಿಲ್ಲ. ಗಡಿ ಸಡಿಲವಾದೊಡನೆ ಶ್ರೀಪರ್ವತದ ಬಾಗಿಲವರೆಗೂ ಹಬ್ಬಿದ್ದ ದುರ್ಗಮ ಅರಣ್ಯವನ್ನು ಹಿಡಿದು ಕುಳಿತ. ಶ್ರೀಪರ್ವತವೆಂದರೆ ಇಂದಿನ ಶ್ರೀಶೈಲ. ಅವನ ಊರು ತಾಳಗುಂದದಿಂದ ನೂರಾರು ಕಿಲೋಮೀಟರ್ ಪೂರ್ವಕ್ಕೆ! ಊರಿಗೆ ಓಡಿಬಂದು ಅಡಗಲಿಲ್ಲ, ಶತ್ರುವಿನ ಮಗ್ಗುಲಲ್ಲೇ ನೆಲೆ ಮಾಡಿದ. ಅಲ್ಲಿಂದ ಬೃಹದ್ಬಾಣರೇ ಮೊದಲಾದ ಅರಸರ ಮೇಲೆ ಕಪ್ಪ ಹೇರಿದ. ಕಾಡಿನಲ್ಲಿ ಕುಳಿತವನಿಗೆ ಅನ್ನ, ಆಯುಧ, ಆಳು ಬೇಕಲ್ಲ. ಅದನ್ನು ಒದಗಿಸಿದ್ದು ಈ ಕಪ್ಪವೇ ಇರಬೇಕು.

ಕಂಚಿಯ ಅರಸರು ಕೊನೆಗೆ ದಂಡೆತ್ತಿ ಬಂದರು. ಇಲ್ಲಿ ಕುಬ್ಜ ಕಾಲವನ್ನೂ ಜಾಗವನ್ನೂ ಗುರುತಿಸಿ ಹೇಳುತ್ತಾನೆ. ಕಾಲ, ರಾತ್ರಿ. ಜಾಗ, ಏರುತಗ್ಗಿನ ನೆಲ. ಸೇನೆ ನಡೆಯುತ್ತಿರುವಾಗ, ಇಲ್ಲವೇ ದಣಿದು ಬಿಡಾರ ಬಿಟ್ಟಿರುವಾಗ, ಮೇಲೆರಗಲು ತಕ್ಕ ಎಡೆ ನೋಡಿ, ಆ ಸೇನಾಸಮುದ್ರದ ಮೇಲೆ ಗಿಡುಗನಂತೆ ಎರಗಿದ. ಇದಿರುಬದಿರು ನಿಂತು ಕಾದುವ ಅವಕಾಶವನ್ನೇ ಪಲ್ಲವರಿಗೆ ಕೊಡಲಿಲ್ಲ. ಆನೆ ಕುದುರೆಗಳ ದೊಡ್ಡ ದಂಡಿಗೆ ಕತ್ತಲಲ್ಲಿ, ಕಲ್ಲುಮುಳ್ಳಿನ ದಾರಿಯಲ್ಲಿ ಅದರ ಗಾತ್ರವೇ ಹೊರೆ.

ಇವನ ಬಲವನ್ನು, ಶೌರ್ಯವನ್ನು, ಕುಲವನ್ನು ತೂಗಿ ನೋಡಿದ ಪಲ್ಲವರು, ಇವನನ್ನು ಕೆಡಿಸುವುದರಿಂದ ಲಾಭವಿಲ್ಲವೆಂದು ಗೆಳೆತನವನ್ನೇ ಆರಿಸಿಕೊಂಡರು. ಅವನೂ ಒಪ್ಪಿದ. ಅವರ ಸೇವೆಗೆ ಸೇರಿ, ಅವರ ಯುದ್ಧಗಳಲ್ಲಿ ಕಾದಿ, ಅವರ ಕೈಯಿಂದಲೇ ಪಟ್ಟ ಕಟ್ಟಿಸಿಕೊಂಡ. ಪಡುಗಡಲಿನಿಂದ ಪ್ರೇಹರವೆಂಬ ಗಡಿಯವರೆಗಿನ ನಾಡು ಅವನದಾಯಿತು; ಅನ್ಯರು ಅದನ್ನು ಪ್ರವೇಶಿಸಕೂಡದೆಂಬ ಕರಾರೂ ಆಯಿತು. ಗಡಿ ಮುರಿದವನು ಗಡಿಯ ಒಡೆಯನಾದ. ಸಿನಿಮಾದ ಕತ್ತಿವರಸೆಗಿಂತ ಈ ಒಪ್ಪಂದ ನನಗೆ ದೊಡ್ಡದಾಗಿ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿದಿತ್ತು.

ಈ ಯುದ್ಧಕ್ರಮದ ಇನ್ನೊಂದು ಮುಖವನ್ನು ಐಹೊಳೆಯಲ್ಲಿ ನೋಡಬೇಕು. 634ರ ಅಲ್ಲಿನ ಶಾಸನದಲ್ಲಿ ಕವಿ ರವಿಕೀರ್ತಿ, ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿ ಕದಂಬರ ರಾಜಧಾನಿ ಬನವಾಸಿಯನ್ನು ಮುತ್ತಿದ್ದನ್ನು ವರ್ಣಿಸುತ್ತಾನೆ. ಸೊರಬದ ಗಡಿಗೆ ಅಂಟಿದಂತಿರುವ ಬನವಾಸಿಯನ್ನು ವರದಾ ನದಿ ಬಳಸಿ ಹರಿಯುತ್ತದೆ. ಚಾಲುಕ್ಯ ಸೇನೆ ಕಡಲಿನಂತೆ ಸುತ್ತುವರಿದಾಗ ಆ ನೆಲದ ಕೋಟೆ ಜಲದುರ್ಗವಾಗಿ ಕಂಡಿತಂತೆ. ಕದಂಬರ ಬನವಾಸಿ ಚಾಲುಕ್ಯರ ವಶವಾಯಿತು. ಕೋಟೆಯಿಲ್ಲದೆ ಕಾಡನ್ನೇ ನಂಬಿದ್ದ ಮೂಲಪುರುಷ ಗೆದ್ದ. ಕೋಟೆಯೊಳಗಿದ್ದ ವಂಶಜರು ಸೋತರು. ಗೋಡೆ ಎಷ್ಟೇ ಗಟ್ಟಿಯಿರಲಿ, ಮುತ್ತುವವನಿಗೆ ನೀವು ಎಲ್ಲಿದ್ದೀರೆಂದು ಗೊತ್ತಿರುತ್ತದೆ. ಮಯೂರಶರ್ಮ ಎಲ್ಲಿದ್ದಾನೆಂದು ಪಲ್ಲವರಿಗೆ ಗೊತ್ತಾಗುತ್ತಿದ್ದುದು ಅವನು ಮೇಲೆ ಬಿದ್ದಾಗಲೇ.

ಮುಂದೆ ಬನವಾಸಿ ನಾಡು ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಸೇವುಣರ ನಡುವೆ ಕೈಯಿಂದ ಕೈಗೆ ಹೋಯಿತು. ಆಗ ಊರು ಕಾದವರು ಯಾರು? ಸೊರಬ, ಶಿಕಾರಿಪುರದ ಹಳ್ಳಿಹಳ್ಳಿಯ ವೀರಗಲ್ಲುಗಳನ್ನು ಕೇಳಿ. ತುರುಗೋಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೊರೆ) ಎಂದು ಸಾವಿನ ಸಂದರ್ಭವನ್ನೂ ಬರೆದಿಟ್ಟಿವೆ. ಕೆಳಗಿನ ಪಟ್ಟಿಕೆಯಲ್ಲಿ ಒಬ್ಬನೇ ವೀರ, ಎದುರಿಗೆ ಬಿಲ್ಲು ಹಿಡಿದ ಗುಂಪು, ನಡುವೆ ಅಪ್ಸರೆಯರು, ಮೇಲೆ ಲಿಂಗ, ಸೂರ್ಯಚಂದ್ರರು. ಇವರಲ್ಲಿ ಬಹುಮಂದಿ ಸಂಬಳದ ಸೈನಿಕರಲ್ಲ, ಊರಿನವರೇ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದರು. ಮನೆಯ ಗಂಡಸು ಹೋದ ಮೇಲೂ ಮಕ್ಕಳು ಅದೇ ಊರಿನಲ್ಲಿ ಉಳುವಂತಾಗಲಿ ಎಂದು.