ವಾರದ ಸಭೆ ಮತ್ತು ಊರಿನ ಸೇವೆ

(ಶತಮಾನೋತ್ಸವದ ನಿಮಿತ್ತ ಧರ್ಮಕೇಂದ್ರದ ಸಭಾಂಗಣದಲ್ಲಿ ಮಾಡಿದ ಭಾಷಣ)



ಸೇವಾಸಂಸ್ಥೆಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ಅಪ್ಪಣೆಮಾಡಿದ್ದಾರೆ. ಸೇವೆಯ ಮಹತ್ವವನ್ನು ಈ ವೇದಿಕೆಯಿಂದ ನೀವು ಬೇಕಾದಷ್ಟು ಕೇಳಿದ್ದೀರಿ. ಆದುದರಿಂದ ಅದನ್ನು ಬಿಟ್ಟು, ಅಷ್ಟಾಗಿ ಯಾರ ಗಮನಕ್ಕೂ ಬಾರದ ಒಂದು ಸಣ್ಣ ಸಂಗತಿಯನ್ನು ಎತ್ತಿಕೊಳ್ಳುತ್ತೇನೆ. ಅದು ವಾರದ ಸಭೆ.

ರೋಟರಿಯಂತಹ ಸಂಸ್ಥೆಯ ಸದಸ್ಯರು ಗೊತ್ತಾದ ದಿನ ಒಂದೆಡೆ ಕೂಡಿ, ಗಂಟೆ ಬಾರಿಸಿ, ಹಾಜರಿ ಹಾಕಿ, ಊಟವನ್ನೋ ಕಾಫಿಯನ್ನೋ ಮುಗಿಸಿ, ಅರ್ಧ ಗಂಟೆಯ ಒಂದು ಭಾಷಣ ಕೇಳಿ ಮನೆಗೆ ಹೋಗುವುದನ್ನು ಕಂಡು ಹೊರಗಿನವರು ನಗುವುದುಂಟು. ತಡವಾಗಿ ಬಂದವನಿಗೆ ತಮಾಷೆಯ ದಂಡ ಬೇರೆ. ಈ ಊಟದ ಹಣವನ್ನು ಬಡವರಿಗೆ ಕೊಡಬಾರದಿತ್ತೇ ಎಂದು ಕೇಳುವವರೂ ಇದ್ದಾರೆ. ಬೆಥಾನಿಯದಲ್ಲಿ ಸುಗಂಧತೈಲದ ವಿಷಯದಲ್ಲಿಯೂ ಇಂತಹುದೇ ಪ್ರಶ್ನೆ ಎದ್ದಿತ್ತೆಂಬುದನ್ನು, ಅದನ್ನೆತ್ತಿದವನು ಯಾರೆಂಬುದನ್ನು ನೀವು ಬಲ್ಲಿರಿ. ಹಾಗೆಂದು ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬರಿಯ ಊಟ, ಹಾರ, ಛಾಯಾಚಿತ್ರಗಳಲ್ಲಿಯೇ ಮುಗಿಯುವ ಸಭೆಗಳೂ ಇವೆ. ಆದರೆ ಸಭೆಯೇ ಇಲ್ಲದ ಕಡೆ ಸೇವೆ ಬಹುಕಾಲ ಬದುಕುವುದಿಲ್ಲವೆಂಬುದು ನನ್ನ ಅಭಿಪ್ರಾಯ.

1905ನೆಯ ಇಸವಿ ಫೆಬ್ರವರಿ 23ರ ಸಂಜೆ ಅಮೆರಿಕದ ಷಿಕಾಗೊ ನಗರದಲ್ಲಿ, ಯೂನಿಟಿ ಕಟ್ಟಡದ 711ನೆಯ ಕೊಠಡಿಯಲ್ಲಿ ನಾಲ್ವರು ಕಲೆತರು. ಒಬ್ಬ ಗಣಿ ಎಂಜಿನಿಯರ್. ಕೊಠಡಿ ಅವನ ಕಚೇರಿ. ಇನ್ನೊಬ್ಬ ಕಲ್ಲಿದ್ದಲ ವ್ಯಾಪಾರಿ, ಮತ್ತೊಬ್ಬ ದರ್ಜಿ. ಅವರನ್ನು ಕೂಡಿಸಿದವನು ಪಾಲ್ ಹ್ಯಾರಿಸ್ ಎಂಬ ವಕೀಲ. ವರ್ಮಾಂಟ್ ಪ್ರಾಂತ್ಯದ ಸಣ್ಣ ಊರೊಂದರಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದ ಆತನಿಗೆ ಮಹಾನಗರದಲ್ಲಿ ಕಕ್ಷಿದಾರರಿದ್ದರು, ಸ್ನೇಹಿತರಿರಲಿಲ್ಲ. ಆ ಒಂಟಿತನವೇ ಈ ಕೂಟಕ್ಕೆ ಮೂಲ. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸುತ್ತುತ್ತಾ ಸಭೆ ಸೇರುತ್ತಿದ್ದುದರಿಂದ ರೋಟರಿಯೆಂಬ ಹೆಸರು ಬಂದಿತು. ಅಂದು ಅವರ ಮನಸ್ಸಿನಲ್ಲಿದ್ದುದು ಸ್ನೇಹ, ಅದರೊಡನೆ ಪರಸ್ಪರ ವ್ಯಾಪಾರದ ಲಾಭ. ಲೋಕಸೇವೆಯ ಸೊಲ್ಲೇ ಇರಲಿಲ್ಲ. ಮರುವರ್ಷ ಡೊನಾಲ್ಡ್ ಕಾರ್ಟರ್ ಎಂಬ ವಕೀಲನನ್ನು ಸದಸ್ಯನಾಗೆಂದು ಕರೆದಾಗ ಆತ, ತನ್ನ ಸದಸ್ಯರಿಗಲ್ಲದೆ ಇನ್ನಾರಿಗೂ ಉಪಯೋಗವಿಲ್ಲದ ಸಂಘಕ್ಕೆ ಸೇರಲು ಒಪ್ಪಲಿಲ್ಲ. ಸಂಘದವರು ಸಿಟ್ಟಾಗದೆ ಊರಿನ ಹಿತವನ್ನೂ ತಮ್ಮ ಉದ್ದೇಶಗಳಲ್ಲಿ ಸೇರಿಸಿಕೊಂಡರು, ಆತನನ್ನೂ ಸೇರಿಸಿಕೊಂಡರು.

ಆ ಬಳಿಕ ಅವರು 1907ರಲ್ಲಿ ಕೈಹಾಕಿದ ಮೊದಲ ದೊಡ್ಡ ಕೆಲಸ ಯಾವುದು ಬಲ್ಲಿರಾ? ಸಾರ್ವಜನಿಕ ಶೌಚಾಲಯ! ಪೇಟೆಗೆ ಬಂದ ಜನರಿಗೆ ನಗರದ ನಡುವೆ ಅಂತಹ ಅನುಕೂಲವಿರಲಿಲ್ಲ. ಗಂಡಸರು ಮದ್ಯದಂಗಡಿಗೆ, ಹೆಂಗಸರು ದೊಡ್ಡ ಜವಳಿ ಮಳಿಗೆಗಳಿಗೆ ಹೋಗಬೇಕಾಗಿತ್ತು; ಹೋದಮೇಲೆ ಏನಾದರೂ ಕೊಳ್ಳದೆ ಬರುವುದು ಸಂಕೋಚದ ಮಾತು. ಆದುದರಿಂದಲೇ ಮದ್ಯ ತಯಾರಕರೂ ಮಳಿಗೆಗಳ ಮಾಲಿಕರೂ ಈ ಯೋಜನೆಯನ್ನು ವಿರೋಧಿಸಿದರು. ರೋಟರಿಯವರು ಇತರ ಸಂಘಗಳನ್ನು ಕೂಡಿಸಿಕೊಂಡು ನಗರಸಭೆಯ ಬೆನ್ನುಹತ್ತಿದರು. ಸುಮಾರು ಎರಡು ವರ್ಷಗಳ ಅನಂತರ ಶೌಚಾಲಯ ತೆರೆಯಿತು. ಇಂತಹ ಕೆಲಸ ಒಂದು ದಿನದ ಉತ್ಸಾಹದಿಂದ ಆಗುವಂತಹುದಲ್ಲ. ಕಳೆದ ಸಭೆಯಲ್ಲಿ ಒಪ್ಪಿಕೊಂಡ ಕೆಲಸ ಏನಾಯಿತೆಂದು ಮುಂದಿನ ಸಭೆಯಲ್ಲಿ ಎದ್ದುನಿಂತು ಹೇಳಬೇಕಾದ ಕಟ್ಟುಪಾಡು ಇದ್ದಾಗ ಮಾತ್ರ ಆಗುತ್ತದೆ.

ನಮಗೆ ಇದು ಹೊಸ ವಿದ್ಯೆಯೇನಲ್ಲ. ರೋಟರಿಗಿಂತ 72 ವರ್ಷ ಮೊದಲು, 1833ರ ಏಪ್ರಿಲ್ 23ರಂದು, ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಮ್ ಮತ್ತು ಆತನ ಸಂಗಡಿಗರು ಒಂದು ಪತ್ರಿಕಾ ಕಚೇರಿಯಲ್ಲಿ ಕಲೆತರು. ಅದು ಓಜಾನಮ್ಮನ ಇಪ್ಪತ್ತನೆಯ ಹುಟ್ಟುಹಬ್ಬದ ದಿನ. ಅದೇ ಸಂತ ವಿನ್ಸೆಂಟ್ ದೆ ಪೌಲ್ ಸಂಘವಾಗಿ ಬೆಳೆಯಿತು. ಬಡವರ ಮನೆಗೆ ಹೋಗಿಬರುವುದು, ಕಂಡದ್ದನ್ನು ಸಭೆಯಲ್ಲಿ ಒಪ್ಪಿಸುವುದು, ಯಾರು ಎಷ್ಟು ಹಾಕಿದರೆಂದು ತಿಳಿಯದಂತೆ ಚೀಲವನ್ನು ಸುತ್ತಿಸಿ ಹಣ ಕೂಡಿಸುವುದು, ಇಷ್ಟೇ ಅವರ ಪದ್ಧತಿ. ಜಗದ್ಗುರುಗಳಾದ ಎರಡನೆಯ ಜಾನ್ ಪೌಲರು 1997ರಲ್ಲಿ ಪ್ಯಾರಿಸ್ಸಿನಲ್ಲಿಯೇ ಓಜಾನಮ್ಮನನ್ನು ಧನ್ಯರ ಸಾಲಿಗೆ ಸೇರಿಸಿದರು.

ಕಥೋಲಿಕರು ರೋಟರಿಗೆ ಸೇರಬಹುದೇ ಎಂದು ಹಿರಿಯರು ಕೇಳುವುದುಂಟು. ಅದಕ್ಕೆ ಕಾರಣವೂ ಇದೆ. 1950ರ ಡಿಸೆಂಬರಿನಲ್ಲಿ ರೋಮಿನಿಂದ ಹೊರಟ ಆಜ್ಞೆಯೊಂದು ಗುರುಗಳು ಸದಸ್ಯರಾಗುವುದನ್ನು ನಿಷೇಧಿಸಿ, ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ಎಚ್ಚರಿಕೆ ಹೇಳಿತ್ತು. ಕಾಲ ಬದಲಾಯಿತು. 1979ರ ಜೂನಿನಲ್ಲಿ ರೋಟರಿಯ ಅಂತರರಾಷ್ಟ್ರೀಯ ಅಧಿವೇಶನ ರೋಮಿನಲ್ಲಿಯೇ ಜರುಗಿದಾಗ ಇದೇ ಎರಡನೆಯ ಜಾನ್ ಪೌಲರು ಸದಸ್ಯರನ್ನು ಬರಮಾಡಿಕೊಂಡು ಮಾತನಾಡಿದರು. ಸ್ತ್ರೀಯರಿಗಂತೂ ಇನ್ನೂ ಹತ್ತು ವರ್ಷ ಬಾಗಿಲು ಮುಚ್ಚಿಯೇ ಇತ್ತು. ಲೋಕದಾದ್ಯಂತ ಅದು ತೆರೆದುದು 1989ರಲ್ಲಿ. ಮನೆಮನೆಯ ಸೇವೆಯನ್ನು ಬಲ್ಲವರನ್ನೇ ಅಷ್ಟು ಕಾಲ ಹೊರಗಿಟ್ಟುದು ವಿಚಿತ್ರವೇ ಸರಿ.

ಈಗ ನಮ್ಮ ದೇಶಕ್ಕೆ ಬರೋಣ. 1920ರಲ್ಲಿ ಕಲ್ಕತ್ತೆಯಲ್ಲಿ ಬೇರೂರಿದ ಈ ಸಂಸ್ಥೆ ಭಾರತದಲ್ಲಿ ಪಾಲುಗೊಂಡ ಕಾರ್ಯಗಳಲ್ಲಿ ಹಿರಿದಾದುದು ಪೋಲಿಯೋ ನಿವಾರಣೆ. 1985ರಲ್ಲಿ ರೋಟರಿ ಲೋಕದ ಮಕ್ಕಳಿಗೆಲ್ಲ ಲಸಿಕೆ ಹಾಕಿಸುವ ಸಂಕಲ್ಪ ತೊಟ್ಟಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮುಂತಾದವು ಕೈಜೋಡಿಸಿದವು. ನಮ್ಮಲ್ಲಿ 1995ರ ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ಭಾನುವಾರದ ಬೂತುಗಳನ್ನು ನೀವೆಲ್ಲ ಕಂಡಿದ್ದೀರಿ. ಲಸಿಕೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಬೇಕು. ಸೀಸೆಯ ಮೇಲಣ ಗುರುತು ಶಾಖಕ್ಕೆ ಬಣ್ಣ ತಿರುಗಿತೇ ಎಂದು ನೋಡಬೇಕು. ಎರಡು ಹನಿ ಹಾಕಿ, ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಬೇಕು. ಮಾರನೆಯ ದಿನದಿಂದ, ಬೂತಿಗೆ ಬಾರದ ಮಕ್ಕಳನ್ನು ಮನೆಮನೆಗೆ ಹೋಗಿ ಹುಡುಕಬೇಕು. ಸರ್ಕಾರದ ಕಾರ್ಯಕರ್ತೆಯರು ಇದರ ಬೆನ್ನೆಲುಬು. ಜೊತೆಗೆ ನಿಂತವರು ಊರಿನ ಸ್ವಯಂಸೇವಕರು. ಯಾವ ಗುಡಿಸಲಿಗೆ ಹೊಸದಾಗಿ ಕೂಲಿಯ ಕುಟುಂಬ ಬಂದಿದೆ, ಯಾವ ತಾಯಿ ಲಸಿಕೆಗೆ ಅಂಜುತ್ತಾಳೆ ಎಂಬುದು ಕಡತದಲ್ಲಿ ಸಿಕ್ಕುವುದಿಲ್ಲ. ಊರಿನವರು ಒಂದೆಡೆ ಕುಳಿತು ಮಾತನಾಡಿದಾಗ ಹೊರಬೀಳುತ್ತದೆ.

2009ರಲ್ಲಿ ಭಾರತದಲ್ಲಿ 741 ಮಕ್ಕಳು ಈ ರೋಗಕ್ಕೆ ತುತ್ತಾದರು; ಮರುವರ್ಷ 42. ಅನಂತರ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. ಆಮೇಲೆ ಸಹಜ ಪೋಲಿಯೋ ವೈರಾಣುವಿನಿಂದ ಒಂದೂ ಇಲ್ಲ. 2014ರ ಮಾರ್ಚ್ 27ರಂದು ನಮ್ಮ ದೇಶವಿದ್ದ ಇಡೀ ವಲಯ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಸಂಕಲ್ಪದಿಂದ ಘೋಷಣೆಯವರೆಗೆ 29 ವರ್ಷ! ಆರಂಭಿಸಿದವರಲ್ಲಿ ಎಷ್ಟೋ ಮಂದಿ ಇದನ್ನು ಕಾಣಲಿಲ್ಲ. ಅವರ ಕುರ್ಚಿಯಲ್ಲಿ ಬೇರೆಯವರು ಬಂದು ಕುಳಿತಿದ್ದರು. ಕುಳಿತುಕೊಳ್ಳಲು ಸಭೆಯೊಂದು ಉಳಿದಿತ್ತು.

ಹಿಂದೆ ರೋಟರಿಯಲ್ಲಿ ಕಾರಣವಿಲ್ಲದೆ ಸತತ ನಾಲ್ಕು ಸಭೆಗಳಿಗೆ ಬಾರದವನ ಸದಸ್ಯತ್ವವೇ ಹೋಗುತ್ತಿತ್ತು; ಪರವೂರಿಗೆ ಹೋದವನು ಅಲ್ಲಿಯ ಸಭೆಗೆ ಹಾಜರಾಗಿ ಲೆಕ್ಕ ಸರಿದೂಗಿಸುತ್ತಿದ್ದ. 2016ರಿಂದ ಈ ಬಿಗಿ ಸಡಿಲಿದೆ. ತಿಂಗಳಿಗೆ ಎರಡು ಸಭೆಗಳಾದರೂ ಸಾಕು. ಉದ್ಯೋಗದ ಒತ್ತಡದಲ್ಲಿರುವ ತರುಣರಿಗಾಗಿ ಇದು ಅಗತ್ಯವಾಗಿದ್ದೀತು. ಆದರೂ ನನಗೆ ಹಳೆಯ ಬಿಗಿಯೇ ಮೆಚ್ಚು.

ಇಷ್ಟೆಲ್ಲ ಹೇಳಿದುದಕ್ಕೆ ಕಾರಣ ನಮ್ಮ ಶತಮಾನೋತ್ಸವ ಸಮಿತಿಯೇ. ಈ ಉತ್ಸವಕ್ಕಾಗಿ ಧರ್ಮಕೇಂದ್ರದ ಸ್ತ್ರೀಪುರುಷರು ವಾರವಾರವೂ ಕೂಡಿದ್ದಾರೆ. ಮಾತಿಗೆ ಮಾತು ಬೆಳೆದಿದೆ, ಮುನಿಸು ಬಂದಿದೆ, ಮತ್ತೆ ಕೂಡಿದ್ದಾರೆ. ಲೆಕ್ಕಪತ್ರ ಒಪ್ಪಿಸಿದೊಡನೆ ಸಮಿತಿಯನ್ನು ವಿಸರ್ಜಿಸುವುದು ವಾಡಿಕೆ. ದಯವಿಟ್ಟು ವಿಸರ್ಜಿಸಬೇಡಿ ಎಂಬುದೇ ನನ್ನ ಬಿನ್ನಹ. ಹೆಸರನ್ನು ಬೇಕಾದರೆ ಬದಲಿಸಿ. ವಿಧವಾ ವೇತನದ ಅರ್ಜಿ ಬರೆದುಕೊಡಲು ಒಬ್ಬರು, ರಕ್ತದಾನಿಗಳ ಪಟ್ಟಿ ಇಟ್ಟುಕೊಳ್ಳಲು ಒಬ್ಬರು, ಒಂಟಿಯಾಗಿರುವ ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯಲು ಇಬ್ಬರು ಇದ್ದರೆ ಆರಂಭಕ್ಕೆ ಸಾಕು. ಜಾತಿ ಮತಗಳನ್ನು ನೋಡದೆ ನೆರೆಯವರನ್ನೂ ಕರೆಯಿರಿ. ಸಭೆ ಒಂದು ಗಂಟೆಯನ್ನು ಮೀರದಿರಲಿ, ಕಾಫಿಯೂ ಇರಲಿ. ಯಾವ ದಿನ, ಯಾವ ಹೊತ್ತು ಎಂಬುದನ್ನು ಗುರುಗಳೊಡನೆ ಕೂಡಿ ಈ ಉತ್ಸವ ಮುಗಿಯುವ ಮೊದಲೇ ಗೊತ್ತುಮಾಡಿಕೊಳ್ಳಿರಿ. ನಿಮ್ಮ ಹಾಜರಿ ಪುಸ್ತಕದಲ್ಲಿ ಇನ್ನೂ ಬರೆಯದ ಹಾಳೆಗಳಿವೆ, ಹೊಸದನ್ನು ಕೊಳ್ಳಬೇಕಾದುದಿಲ್ಲ.